ಏಕಾಏಕಿ ಕೆಲಸದಿಂದ ತೆಗೆದರು, ನೋಟಿಸ್ ಪೇ ಕೊಡಲಿಲ್ಲ: ವಸೂಲಿ ಮಾಡುವುದು ಹೇಗೆ?

ಒಂದು ಗುರುವಾರ ಸಂಜೆ ಐದೂವರೆಗೆ ನನ್ನನ್ನು ಮೀಟಿಂಗ್ ರೂಮಿಗೆ ಕರೆದರು. ಮ್ಯಾನೇಜರ್ ಇದ್ದರು, ಎಚ್‌ಆರ್ ಇದ್ದರು. "ನಿಮ್ಮ ಹುದ್ದೆ ಇನ್ನು ಇರುವುದಿಲ್ಲ. ನೀವೇ ರಾಜೀನಾಮೆ ಬರೆದುಕೊಟ್ಟರೆ ಮುಂದಿನ ಕೆಲಸಕ್ಕೆ ಒಳ್ಳೆಯದು" ಎಂದರು. ಕೈ ನಡುಗುತ್ತಿತ್ತು. ಅಲ್ಲೇ ಕೂತು ಎರಡು ಸಾಲು ಟೈಪ್ ಮಾಡಿ ಕಳಿಸಿಬಿಟ್ಟೆ. ಆ ಎರಡು ಸಾಲಿನಿಂದ ನನ್ನ ಎರಡು ತಿಂಗಳ ಸಂಬಳ ಹೋಯಿತು. ಕಂಪನಿ ತೆಗೆದರೆ 60 ದಿನದ ನೋಟಿಸ್, ಇಲ್ಲವೇ ಅಷ್ಟು ದಿನದ ಸಂಬಳ (ಇದೇ ನೋಟಿಸ್ ಪೇ) ಎಂದು ನನ್ನ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಬರೆದಿತ್ತು. ಆದರೆ ಕಾಗದದಲ್ಲಿ ಅವರು ನನ್ನನ್ನು ತೆಗೆದೇ ಇರಲಿಲ್ಲ. ನಾನೇ ಬಿಟ್ಟಿದ್ದೆ.

ಕೆಲವು ವರ್ಷ ಕಳೆದ ಮೇಲೆ ನನ್ನ ಚಿಕ್ಕಪ್ಪನ ಮಗಳಿಗೂ ಹೀಗೇ ಆಯಿತು. ಅವಳು ಅಲ್ಲಿಂದಲೇ ಫೋನ್ ಮಾಡಿದಳು. "ಏನೂ ಬರೆಯಬೇಡ, ಯಾವುದಕ್ಕೂ ಸಹಿ ಹಾಕಬೇಡ, ಮನೆಗೆ ಬಾ" ಎಂದೆ. ನಾಲ್ಕು ತಿಂಗಳು ಹಿಡಿಯಿತು, ನಾಲ್ಕು ಸಲ ಕಾರ್ಮಿಕ ಇಲಾಖೆಗೆ ಓಡಾಡಿದೆವು. ಕೊನೆಗೆ ಹಣ ಪೂರ್ತಿ ಬಂತು. ಆ ಓಡಾಟದಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಬೆಂಗಳೂರು ಮತ್ತು ಕರ್ನಾಟಕದ ಖಾಸಗಿ ಕಂಪನಿಗಳಲ್ಲಿ ಕೆಲಸ ಮಾಡುವವರಿಗಾಗಿ ಇದು.

ಮೊದಲ ದಿನ: ರಾಜೀನಾಮೆ ಬರೆಯಬೇಡಿ

ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಂಪನಿ ತೆಗೆದರೆ ನೋಟಿಸ್ ಪೇ ಕೊಡಬೇಕಾದದ್ದು ಕಂಪನಿ. ನೀವು ರಾಜೀನಾಮೆ ಕೊಟ್ಟರೆ ಲೆಕ್ಕ ತಿರುಗಿಬೀಳುತ್ತದೆ. ನೋಟಿಸ್ ಪಿರಿಯಡ್ ಮುಗಿಸಲಿಲ್ಲ ಎಂದು ನಿಮ್ಮ ಸಂಬಳದಿಂದಲೇ ಹಣ ಮುರಿದುಕೊಳ್ಳಲೂಬಹುದು. "ರಾಜೀನಾಮೆ ಕೊಟ್ಟರೆ ಮಾತ್ರ ರಿಲೀವಿಂಗ್ ಲೆಟರ್" ಎಂದು ಹೆದರಿಸುತ್ತಾರೆ. ಆಗ ಶಾಂತವಾಗಿ ಹೀಗೆ ಹೇಳಿ: "ನನಗೆ ಯೋಚಿಸಲು ಸಮಯ ಬೇಕು. ನಿಮ್ಮ ನಿರ್ಧಾರವನ್ನು ಇಮೇಲ್‌ನಲ್ಲಿ ಕಳಿಸಿ." ಇಷ್ಟು ಹೇಳಿ ಎದ್ದು ಬರುವ ಹಕ್ಕು ನಿಮಗಿದೆ.

ಅವರು ಇಮೇಲ್ ಕಳಿಸದಿದ್ದರೆ ಅದೇ ರಾತ್ರಿ ನಿಮ್ಮ ಸ್ವಂತ ಇಮೇಲ್‌ನಿಂದ ನೀವೇ ಕಳಿಸಿ. ಉದ್ದ ಬೇಡ. "ಇಂದು ಸಂಜೆ 5.30ಕ್ಕೆ ನಡೆದ ಮೀಟಿಂಗ್‌ನಲ್ಲಿ, ನಾಳೆಯಿಂದ ಕೆಲಸಕ್ಕೆ ಬರಬೇಡಿ ಎಂದು ತಿಳಿಸಿದ್ದೀರಿ. ನಾನು ರಾಜೀನಾಮೆ ಕೊಟ್ಟಿಲ್ಲ. ಕೆಲಸ ಮಾಡಲು ಸಿದ್ಧನಿದ್ದೇನೆ. ತೆಗೆದ ಆದೇಶವನ್ನು ಲಿಖಿತವಾಗಿ ಕೊಡಿ." ಮುಂದೆ ಯಾವ ಅಧಿಕಾರಿಯ ಮುಂದೆ ಹೋದರೂ ಈ ನಾಲ್ಕು ವಾಕ್ಯ ನಿಮ್ಮ ಪರ ಮಾತಾಡುತ್ತವೆ. ಇಂಥ ಇಮೇಲ್ ಬರೆಯದೆ ಸುಮ್ನೆ ಇದ್ದುಬಿಟ್ಟರೆ, "ಇವರೇ ಬರುವುದು ನಿಲ್ಲಿಸಿದರು" ಎಂದು ಕಂಪನಿ ಹೇಳಬಹುದು.

ನಾನು ಮಾಡಿದಂತೆ ಒತ್ತಡದಲ್ಲಿ ಆಗಲೇ ಬರೆದುಕೊಟ್ಟಿದ್ದೀರಾ? ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಒಂದೆರಡು ದಿನದೊಳಗೆ ಇಮೇಲ್ ಮಾಡಿ. ಯಾರು, ಯಾವ ಮಾತು ಹೇಳಿ ಬರೆಸಿಕೊಂಡರು ಎಂದು ತಿಳಿಸಿ, ರಾಜೀನಾಮೆ ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ಬರೆಯಿರಿ. ಬಲವಂತದ ರಾಜೀನಾಮೆ ನಿಜವಾದ ರಾಜೀನಾಮೆ ಅಲ್ಲ ಎಂದು ವಾದಿಸಲು ಜಾಗ ಇದೆ. ತಡ ಮಾಡಿದಷ್ಟೂ ಆ ವಾದ ಸೊರಗುತ್ತದೆ. ನಾನು ಮೂರು ತಿಂಗಳು ಬಿಟ್ಟು ಕೇಳಿದೆ, ಅಷ್ಟು ಹೊತ್ತಿಗೆ ಯಾರೂ ನಂಬುವ ಸ್ಥಿತಿಯಲ್ಲಿ ಇರಲಿಲ್ಲ.

ದಾಖಲೆ ಒಟ್ಟು ಮಾಡಿ

ಆಫೀಸ್ ಇಮೇಲ್ ಯಾವ ಕ್ಷಣದಲ್ಲಾದರೂ ಬಂದ್ ಆಗುತ್ತದೆ. ಅದಕ್ಕೆ ಮೊದಲೇ ನಿಮಗೆ ಸಂಬಂಧಿಸಿದ ಕಾಗದಗಳನ್ನು ಇಳಿಸಿಕೊಳ್ಳಿ: ಆಫರ್ ಲೆಟರ್, ಅಪಾಯಿಂಟ್‌ಮೆಂಟ್ ಲೆಟರ್, ಸಂಬಳ ಹೆಚ್ಚಿಸಿದ ಪತ್ರಗಳು, ಕೊನೆಯ ಆರು ತಿಂಗಳ ಪೇ ಸ್ಲಿಪ್, ಹಾಜರಾತಿ, ಉಳಿದ ರಜೆಯ ಲೆಕ್ಕ, ಮೆಚ್ಚುಗೆಯ ಇಮೇಲ್‌ಗಳು. ಆದರೆ ಕಂಪನಿಯ ಗ್ರಾಹಕರ ಮಾಹಿತಿ, ಕೋಡ್, ಆಂತರಿಕ ಫೈಲ್ ಒಂದನ್ನೂ ಮುಟ್ಟಬೇಡಿ. ಅದನ್ನು ಸ್ವಂತ ಇಮೇಲ್‌ಗೆ ಕಳಿಸಿಕೊಂಡರೆ, ನಿಮ್ಮ ಮೇಲೆ ದುರ್ನಡತೆ ಆರೋಪ ಹೊರಿಸಲು ನೀವೇ ದಾರಿ ಮಾಡಿಕೊಟ್ಟಂತೆ.

ಆಗಲೇ ಎಲ್ಲ ಬಂದ್ ಆಗಿದ್ದರೂ ಚಿಂತೆಯಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್, ಫಾರ್ಮ್ 16, 26ಎಎಸ್ (ನಿಮ್ಮ ಹೆಸರಲ್ಲಿ ಕಟ್ಟಿದ ಆದಾಯ ತೆರಿಗೆಯ ಪಟ್ಟಿ) ಇವೆಲ್ಲ ನಿಮ್ಮ ಕೈಯಲ್ಲೇ ಇವೆ. ಯಾವ ಕಂಪನಿ, ಎಷ್ಟು ತಿಂಗಳು, ಎಷ್ಟು ಸಂಬಳ ಎನ್ನುವುದನ್ನು ಇವು ತೋರಿಸುತ್ತವೆ.

ವಾಟ್ಸ್ಆ್ಯಪ್‌ನಲ್ಲಿ ತೆಗೆದಿದ್ದರೆ ಸ್ಕ್ರೀನ್‌ಶಾಟ್ ಸಾಲದು, ಚಾಟ್ ಅಳಿಸಬೇಡಿ, ಫೋನ್ ಮಾರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಕೋರ್ಟ್‌ಗೆ ಇಂಥ ದಾಖಲೆ ಕೊಡುವಾಗ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಸಾಧನ ಕೈಯಲ್ಲಿದ್ದರೆ ಅದು ಸುಲಭ.

ಲ್ಯಾಪ್‌ಟಾಪ್, ಐಡಿ ಕಾರ್ಡ್ ತಪ್ಪದೆ ವಾಪಸ್ ಕೊಡಿ. "ಹಣ ಕೊಟ್ಟರೆ ಲ್ಯಾಪ್‌ಟಾಪ್ ಕೊಡ್ತೀನಿ" ಎಂದು ಹಿಡಿದಿಟ್ಟುಕೊಳ್ಳುವವರನ್ನು ನೋಡಿದ್ದೇನೆ. ಅದರಿಂದ ಕಳ್ಳತನದ ದೂರಿಗೆ ಅವಕಾಶ ಕೊಟ್ಟಂತಾಗುತ್ತದೆ. ಫೋಟೊ ತೆಗೆದು ಕೊಡಿ, ಸ್ವೀಕೃತಿ ಬರೆಸಿಕೊಳ್ಳಿ.

ನಿಮಗೆ ಯಾವ ಕಾನೂನು ಅನ್ವಯಿಸುತ್ತದೆ?

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ನೋಟಿಸ್ ಪೇಗೆ ಮೂರು ಆಧಾರ ಇರಬಹುದು, ಒಬ್ಬರಿಗೆ ಮೂರೂ ಸಿಗಬಹುದು.

ಮೊದಲನೆಯದು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್. ಅದು ಒಪ್ಪಂದ. ಅದರಲ್ಲಿ 30, 60 ಅಥವಾ 90 ದಿನ ಎಂದಿದ್ದರೆ ಕಂಪನಿ ಅದಕ್ಕೆ ಬದ್ಧ. ನೀವು ಮ್ಯಾನೇಜರ್ ಆಗಿರಲಿ, ಗುಮಾಸ್ತರಾಗಿರಲಿ, ಈ ಆಧಾರ ಎಲ್ಲರಿಗೂ ಇದೆ. ಕಂಪನಿ ಬಿಡಿಸಿದರೆ ಎಷ್ಟು ದಿನ, ನೀವೇ ಬಿಟ್ಟರೆ ಎಷ್ಟು ದಿನ ಎಂದು ಬೇರೆ ಬೇರೆ ಇರಬಹುದು, ಸರಿಯಾಗಿ ಓದಿ. ಪ್ರೊಬೇಷನ್‌ನಲ್ಲಿ ಇದ್ದೀರಾದರೆ ದಿನ ಕಡಿಮೆ ಇರುತ್ತದೆ.

ಎರಡನೆಯದು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅದರ ಕಲಂ 39 ನಮ್ಮ ರಾಜ್ಯದವರಿಗೆ ದೊಡ್ಡ ಆಸರೆ. ಅಂಗಡಿ, ಹೋಟೆಲ್, ಖಾಸಗಿ ಕಚೇರಿ, ಸಾಫ್ಟ್‌ವೇರ್ ಕಂಪನಿ ಎಲ್ಲಕ್ಕೂ ಈ ಕಾಯ್ದೆ ಇದೆ. ಸತತವಾಗಿ ಆರು ತಿಂಗಳು ಕೆಲಸ ಮಾಡಿದವರನ್ನು ಸಕಾರಣ ಇಲ್ಲದೆ ತೆಗೆಯುವಂತಿಲ್ಲ, ತೆಗೆಯುವುದಾದರೆ ಒಂದು ತಿಂಗಳ ನೋಟಿಸ್ ಅಥವಾ ಒಂದು ತಿಂಗಳ ಸಂಬಳ ಕೊಡಬೇಕು. ವಿಚಾರಣೆ ನಡೆಸಿ ದುರ್ನಡತೆ ಸಾಬೀತಾದರೆ ಮಾತ್ರ ನೋಟಿಸ್ ಬೇಕಿಲ್ಲ. "ಪರ್ಫಾರ್ಮೆನ್ಸ್ ಸರಿಯಿಲ್ಲ" ಎನ್ನುವುದು ದುರ್ನಡತೆ ಅಲ್ಲ, ಗಮನಿಸಿ. ತೆಗೆದದ್ದರ ವಿರುದ್ಧ ಇದೇ ಕಲಮಿನಡಿ ಮೇಲ್ಮನವಿಯೂ ಹಾಕಬಹುದು. ಅದಕ್ಕೆ ಗಡುವು ಇರುವುದರಿಂದ ಮೊದಲ ವಾರದಲ್ಲೇ ವಿಚಾರಿಸಿ. ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿ ಇರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

"ಐಟಿ ಕಂಪನಿಗಳಿಗೆ ಕಾರ್ಮಿಕ ಕಾನೂನಿನಿಂದ ವಿನಾಯಿತಿ ಇದೆ ಅಲ್ವಾ?" ಎಂದು ತುಂಬಾ ಜನ ಕೇಳುತ್ತಾರೆ. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಕೊಟ್ಟಿದ್ದ ವಿನಾಯಿತಿ ಸ್ಥಾಯಿ ಆದೇಶಗಳ ಕಾಯ್ದೆಯಿಂದ (ಕಂಪನಿ ತನ್ನ ಸೇವಾ ನಿಯಮಗಳನ್ನು ಬರೆದಿಡಬೇಕು ಎನ್ನುವ ಕಾನೂನು). ಕಲಂ 39ಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮೂರನೆಯದು ಕೇಂದ್ರದ ಕಾನೂನು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು (ಹಳೆಯ ಕಾರ್ಮಿಕ ಕಾನೂನುಗಳನ್ನು ಒಟ್ಟುಗೂಡಿಸಿದ ಹೊಸ ಕಾನೂನುಗಳು) ಜಾರಿಗೆ ಬಂದವು. ಅದಕ್ಕೂ ಮೊದಲು ಕೆಲಸದಿಂದ ತೆಗೆದಿದ್ದರೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಕಲಂ 25ಎಫ್ ನೋಡಬೇಕು. ಆಮೇಲೆ ತೆಗೆದಿದ್ದರೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ. ಎರಡರಲ್ಲೂ ತಿರುಳು ಒಂದೇ. ಒಂದು ವರ್ಷ ಸತತ ಕೆಲಸ ಮಾಡಿದ ಕಾರ್ಮಿಕರನ್ನು ಹುದ್ದೆ ಕಡಿತದಲ್ಲಿ ತೆಗೆಯುವಾಗ ಕಾರಣ ಬರೆದ ಒಂದು ತಿಂಗಳ ನೋಟಿಸ್ ಅಥವಾ ಸಂಬಳ ಕೊಡಬೇಕು. ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ಸಂಬಳದಂತೆ ಪರಿಹಾರ ಕೊಡಬೇಕು. ಹೊಸ ಸಂಹಿತೆಯಲ್ಲಿ, 300 ಅಥವಾ ಜಾಸ್ತಿ ಕಾರ್ಮಿಕರಿರುವ ಕಾರ್ಖಾನೆ, ಗಣಿ, ತೋಟಗಳಲ್ಲಿ ಮೂರು ತಿಂಗಳ ನೋಟಿಸ್ (ಅಥವಾ ಅಷ್ಟು ಸಂಬಳ) ಮತ್ತು ಸರ್ಕಾರದ ಮುಂಗಡ ಅನುಮತಿ ಎರಡೂ ಬೇಕು.

ಇಲ್ಲಿ "ಕಾರ್ಮಿಕ" ಎಂದರೆ ಯಾರು? ಹುದ್ದೆಯ ಹೆಸರು ನೋಡಬೇಡಿ, ದಿನಾ ಏನು ಮಾಡುತ್ತಿದ್ದಿರಿ ಅದನ್ನು ನೋಡಿ. ಲೆಟರ್‌ನಲ್ಲಿ "ಟೀಮ್ ಲೀಡ್" ಎಂದಿದ್ದರೂ ದಿನವಿಡೀ ಕೋಡ್ ಬರೆಯುತ್ತಿದ್ದವರು, ಲೆಕ್ಕ ಬರೆಯುತ್ತಿದ್ದವರು ಕಾರ್ಮಿಕ ಎಂದು ವಾದಿಸಬಹುದು. ತಾಂತ್ರಿಕ ಅಥವಾ ಗುಮಾಸ್ತ ಕೆಲಸಕ್ಕೆ ಸಂಬಳದ ಮಿತಿ ಇಲ್ಲ. ಮೇಲ್ವಿಚಾರಣೆ ಕೆಲಸ ಮಾಡುವವರಿಗೆ ಮಾತ್ರ ಹೊಸ ಸಂಹಿತೆಯಲ್ಲಿ ತಿಂಗಳಿಗೆ 18,000 ರೂಪಾಯಿ ಮಿತಿ ಇದೆ. ಆಡಳಿತದ ಅಧಿಕಾರ ಇರುವ ಮ್ಯಾನೇಜರ್‌ಗಳು ಇದರಿಂದ ಹೊರಗೆ.

ನಿಮ್ಮ ಕೈ ಬಲಪಡಿಸುವ ಒಂದು ತೀರ್ಪು ಇದೆ. 1960ರಲ್ಲಿ ಹಾಸ್ಪಿಟಲ್ ಮಜ್ದೂರ್ ಸಭಾ ಪ್ರಕರಣದಲ್ಲಿ, 25ಎಫ್ ಷರತ್ತು ಪಾಲಿಸದೆ ಮಾಡಿದ ಕಡಿತ ಊರ್ಜಿತವೇ ಅಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ನೋಟಿಸ್ ಪೇ ಕೊಡದೆ ತೆಗೆದರೆ, ತೆಗೆದದ್ದೇ ಪ್ರಶ್ನೆಗೆ ಒಳಗಾಗುತ್ತದೆ. ಒಂದೆರಡು ತಿಂಗಳ ಸಂಬಳ ಉಳಿಸಲು ಹೋಗಿ ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುವ ಆದೇಶದ ಅಪಾಯ ಎದುರಾಗುತ್ತದೆ. ರಾಜಿ ಮಾತುಕತೆಯಲ್ಲಿ ಕಂಪನಿಯ ವಕೀಲರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ವೇತನ ಸಂಹಿತೆ, 2019. ಕೆಲಸದಿಂದ ತೆಗೆದರೂ, ರಾಜೀನಾಮೆ ಕೊಟ್ಟರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು ಎನ್ನುತ್ತದೆ ಅದರ ಕಲಂ 17. ಇದು ಮ್ಯಾನೇಜರ್‌ಗಳಿಗೂ ಇದೆ. ನೀವು ದುಡಿದ ದಿನಗಳ ಸಂಬಳಕ್ಕಂತೂ ಈ ಗಡುವು ಖಂಡಿತ. "ಫುಲ್ ಅಂಡ್ ಫೈನಲ್‌ಗೆ 45 ದಿನ ಆಗುತ್ತೆ" ಎನ್ನುವ ಮಾತಿಗೆ ಕಾನೂನಿನ ಬೆಂಬಲ ಇಲ್ಲ. ಮುಂದೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡುವಾಗ ನೋಟಿಸ್ ಪೇಯನ್ನೂ ಅದರಲ್ಲೇ ಕೇಳಿ, ಆದರೆ ಅದಕ್ಕೆ ಆಧಾರವಾಗಿ ಅಪಾಯಿಂಟ್‌ಮೆಂಟ್ ಲೆಟರ್ ಅಥವಾ ಕಲಂ 39 ಅನ್ನು ಬೇರೆಯಾಗಿ ತೋರಿಸಿ.

ಲೆಕ್ಕ ಹಾಕಿ, ಒಂದೇ ಮೊತ್ತ ಹೇಳಿ

"ನನಗೆ ಬರಬೇಕಾದದ್ದು ಕೊಡಿ" ಎಂದರೆ ಯಾರೂ ಕೊಡುವುದಿಲ್ಲ. ಅಂಕಿ ಬೇಕು. ಉದಾಹರಣೆಗೆ ತಿಂಗಳ ಗ್ರಾಸ್ ಸಂಬಳ (ಕಡಿತಗಳಿಗೆ ಮೊದಲಿನದು) 45,000 ರೂಪಾಯಿ, ನೋಟಿಸ್ 60 ದಿನ, ತಿಳಿಸಿದ ಮೇಲೆ 12 ದಿನ ಕೆಲಸ ಮಾಡಿಸಿಕೊಂಡರು ಎನ್ನಿ. ದಿನಕ್ಕೆ 1,500 ರೂಪಾಯಿ. ಉಳಿದ 48 ದಿನಕ್ಕೆ 72,000 ರೂಪಾಯಿ. ಲೆಟರ್‌ನಲ್ಲಿ "ಬೇಸಿಕ್ ಸಂಬಳ" ಎಂದು ಬರೆದಿದ್ದರೆ ಮೊತ್ತ ಅರ್ಧಕ್ಕೆ ಇಳಿಯಬಹುದು. ಬರೀ "ಸಂಬಳ" ಎಂದಿದ್ದರೆ ಗ್ರಾಸ್ ಕೇಳಿ. ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು) ಹಿಡಿದು ಲೆಕ್ಕ ಹಾಕಬೇಡಿ, ಅದರಲ್ಲಿ ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿ ಎಲ್ಲ ಸೇರಿರುತ್ತದೆ.

ಲೆಟರ್‌ನಲ್ಲಿ 15 ದಿನ ಎಂದಿದ್ದು ನಿಮಗೆ ಕಲಂ 39 ಅನ್ವಯಿಸುತ್ತದಾ? ಆಗ ಒಂದು ತಿಂಗಳು ಕೇಳಿ. ಒಪ್ಪಂದ ಕಾನೂನಿಗಿಂತ ಕೆಳಗೆ ಇಳಿಯುವಂತಿಲ್ಲ.

ಬಾಕಿ ದಿನದ ಸಂಬಳ, ಉಳಿದ ರಜೆಯ ಹಣ, ಖರ್ಚಿನ ಬಿಲ್ ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿಯನ್ನೂ ಸೇರಿಸಿ.

ಪತ್ರ ಕಳಿಸಿ

ಕಂಪನಿಯ ನೋಂದಾಯಿತ ವಿಳಾಸ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಆ ವಿಳಾಸಕ್ಕೂ, ನೀವು ಕೆಲಸ ಮಾಡಿದ ಕಚೇರಿಗೂ, ಎಚ್‌ಆರ್ ಇಮೇಲ್‌ಗೂ ಕಳಿಸಿ. ಅಂಚೆಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಬೇರೊಂದು ಏಜೆನ್ಸಿಯ ಪೇರೋಲ್‌ನಲ್ಲಿ ಇದ್ದವರು ಪೇ ಸ್ಲಿಪ್ ಮತ್ತು ಪಿಎಫ್ ಪಾಸ್‌ಬುಕ್‌ನಲ್ಲಿ ಯಾರ ಹೆಸರಿದೆಯೋ ಅವರಿಗೆ ಬರೆದು, ಕೆಲಸ ಮಾಡಿಸಿಕೊಂಡ ಕಂಪನಿಗೆ ಪ್ರತಿ ಕಳಿಸಿ.

ನನ್ನ ತಂಗಿಗೆ ಬರೆದುಕೊಟ್ಟ ಪತ್ರ ಹೆಚ್ಚುಕಡಿಮೆ ಹೀಗಿತ್ತು:

"ನಾನು ನಿಮ್ಮ ಸಂಸ್ಥೆಯಲ್ಲಿ (ದಿನಾಂಕ) ರಿಂದ (ಹುದ್ದೆ) ಆಗಿ ಕೆಲಸ ಮಾಡಿದ್ದೇನೆ. (ದಿನಾಂಕ) ರಂದು ನನ್ನನ್ನು ಕೆಲಸದಿಂದ ತೆಗೆದಿದ್ದೀರಿ. ನಾನು ರಾಜೀನಾಮೆ ಕೊಟ್ಟಿಲ್ಲ. ನನ್ನ ಮೇಲೆ ಯಾವ ವಿಚಾರಣೆಯೂ ನಡೆದಿಲ್ಲ. ಅಪಾಯಿಂಟ್‌ಮೆಂಟ್ ಲೆಟರ್‌ನ (ಸಂಖ್ಯೆ) ಷರತ್ತು ಮತ್ತು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕಲಂ 39ರ ಪ್ರಕಾರ ನೋಟಿಸ್ ಅವಧಿಯ ಸಂಬಳ ರೂ. (ಮೊತ್ತ) ಬಾಕಿ ಇದೆ. ಲೆಕ್ಕದ ಪಟ್ಟಿ ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 15 ದಿನದೊಳಗೆ ನನ್ನ ಸಂಬಳದ ಖಾತೆಗೆ ಜಮಾ ಮಾಡಿ. ತಪ್ಪಿದರೆ ಇಂದಿನಿಂದ ವಾರ್ಷಿಕ ಶೇ 12ರ ಬಡ್ಡಿಯೊಂದಿಗೆ ಕಾನೂನು ಪ್ರಕಾರ ವಸೂಲಿ ಮಾಡುತ್ತೇನೆ."

ಬಡ್ಡಿಯ ಆ ಸಾಲನ್ನು ಬಿಡಬೇಡಿ. 1978ರ ಬಡ್ಡಿ ಕಾಯ್ದೆಯಡಿ, ಬಡ್ಡಿ ಕೇಳಿ ಲಿಖಿತ ನೋಟಿಸ್ ಕೊಟ್ಟ ದಿನದಿಂದ ಕೋರ್ಟ್ ಬಡ್ಡಿ ಕೊಡಿಸಬಹುದು. ದರ ಎಷ್ಟು ಎಂದು ಕೋರ್ಟ್ ತೀರ್ಮಾನಿಸುತ್ತದೆ. ಬೈಗುಳ, ಬೆದರಿಕೆ, ಸೋಷಿಯಲ್ ಮೀಡಿಯಾದಲ್ಲಿ ಹಾಕುತ್ತೇನೆ ಎನ್ನುವ ಮಾತು ಪತ್ರದಲ್ಲಿ ಬೇಡ. ಕೋಪ ಬರುವುದು ಸಹಜ, ನನಗೂ ಬಂದಿತ್ತು. ಆದರೆ ಈ ಪತ್ರವನ್ನು ಮುಂದೆ ಅಧಿಕಾರಿ ಓದುತ್ತಾರೆ, ಅವರಿಗಾಗಿ ಬರೆಯಿರಿ.

ಈ ಹಂತದಲ್ಲಿ ಕಂಪನಿ ಸ್ವಲ್ಪ ಹಣ ತೋರಿಸಿ "ಇನ್ನು ಯಾವ ಬಾಕಿಯೂ ಇಲ್ಲ" ಎಂಬ ಲೆಕ್ಕಚುಕ್ತಾ ಕಾಗದಕ್ಕೆ ಸಹಿ ಕೇಳಬಹುದು. ಮೊತ್ತ ಪೂರ್ತಿ ಬರದೆ ಸಹಿ ಬೇಡ. ಖಾತೆಗೆ ತಾನಾಗಿ ಬಂದ ಹಣವನ್ನು ಹಿಂದಿರುಗಿಸಬೇಕಿಲ್ಲ. "ಇದನ್ನು ಭಾಗಶಃ ಪಾವತಿ ಎಂದು ಸ್ವೀಕರಿಸಿದ್ದೇನೆ, ಉಳಿದ ರೂ. ಇಷ್ಟು ಬಾಕಿ ಇದೆ" ಎಂದು ಅದೇ ದಿನ ಇಮೇಲ್ ಮಾಡಿ.

ಕಾರ್ಮಿಕ ಇಲಾಖೆಗೆ ಹೋಗಿ

15 ದಿನದಲ್ಲಿ ಉತ್ತರ ಬರಲಿಲ್ಲ ಎನ್ನಿ. ಕಂಪನಿ ಇರುವ ಪ್ರದೇಶದ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ಬೆಂಗಳೂರಿನಲ್ಲಿ ಯಾವ ಕಚೇರಿ ಎಂದು ತಿಳಿಯದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಕೇಳಿ, ಅಥವಾ ಕಾರ್ಮಿಕ ಸಹಾಯವಾಣಿ 155214ಕ್ಕೆ ಫೋನ್ ಮಾಡಿ. ಬ್ಯಾಂಕ್, ವಿಮೆ, ವಿಮಾನಯಾನ, ಟೆಲಿಕಾಂ, ರೈಲ್ವೆ, ಗಣಿಯಲ್ಲಿ ಕೆಲಸ ಮಾಡಿದವರು ರಾಜ್ಯದ ಬದಲು ಕೇಂದ್ರ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಬೇಕು.

ಅರ್ಜಿ ಕನ್ನಡದಲ್ಲೇ ಬರೆಯಿರಿ. ಒಂದೇ ಪುಟ ಸಾಕು. ಅದರ ಹಿಂದೆ ಅಪಾಯಿಂಟ್‌ಮೆಂಟ್ ಲೆಟರ್, ಪೇ ಸ್ಲಿಪ್, ತೆಗೆದ ಇಮೇಲ್, ನಿಮ್ಮ ಪತ್ರ, ಅಂಚೆ ದಾಖಲೆ, ಲೆಕ್ಕದ ಪಟ್ಟಿ. ಮೂರು ಸೆಟ್ ಮಾಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಅಲ್ಲಿಂದ ಬರಬೇಡಿ.

ಅಧಿಕಾರಿ ಕಂಪನಿಗೆ ನೋಟಿಸ್ ಕಳಿಸಿ ಇಬ್ಬರನ್ನೂ ಕರೆಯುತ್ತಾರೆ. ಇದು ರಾಜಿ ಸಂಧಾನ. ಮೊದಲ ದಿನ ಕಂಪನಿ ಕಡೆಯವರು ಬರದೇ ಇರಬಹುದು, ಸಮಯ ಕೇಳಬಹುದು. ನೀವು ಮಾತ್ರ ಒಂದು ತಾರೀಖನ್ನೂ ತಪ್ಪಿಸಬೇಡಿ. ತಂಗಿಯ ವಿಷಯದಲ್ಲಿ ಮೊದಲ ಎರಡು ಸಲ ಯಾರೂ ಬರಲಿಲ್ಲ. ಮೂರನೇ ಸಲ ಎಚ್‌ಆರ್ ಬಂದು "ಮೇಡಂ ತಾವಾಗೇ ಬಿಟ್ಟರು" ಎಂದರು. ಅವಳು ಅದೇ ರಾತ್ರಿ ಕಳಿಸಿದ್ದ ನಾಲ್ಕು ಸಾಲಿನ ಇಮೇಲ್ ಅಧಿಕಾರಿಯ ಮುಂದೆ ಇಟ್ಟಳು. ನಾಲ್ಕನೇ ಸಲ ಚೆಕ್ ಬಂತು.

ಹೊಸ ಸಂಹಿತೆಯಲ್ಲಿ ಸಂಧಾನ 45 ದಿನದಲ್ಲಿ ಮುಗಿಯಬೇಕು. ಫಲಿಸದಿದ್ದರೆ ಅಧಿಕಾರಿಯ ವರದಿ ಕೈಸೇರಿದ 90 ದಿನದೊಳಗೆ ನೀವೇ ಕೈಗಾರಿಕಾ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ವಿವಾದ ಹುಟ್ಟಿ ಎರಡು ವರ್ಷ ಆದ ಮೇಲೆ ಸಂಧಾನ ನಡೆಸುವಂತಿಲ್ಲ. ವೇತನ ಸಂಹಿತೆಯಡಿ ಬಾಕಿ ವೇತನ ಕೇಳಲು ಮೂರು ವರ್ಷ ಸಮಯ ಇದೆ. ಅಲ್ಲಿ ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕೆ ಇದೆ. ವೇತನ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆಯೂ ಕಂಪನಿಯದೇ.

ರಾಜಿ ಆದರೆ ಬಾಯಿಮಾತಿಗೆ ಬಿಡಬೇಡಿ. ಮೊತ್ತ, ಕೊಡುವ ದಿನ, ತೆರಿಗೆ ಕಡಿತದ ಮೊದಲಾ ನಂತರವಾ, ರಿಲೀವಿಂಗ್ ಲೆಟರ್ ಮತ್ತು ಅನುಭವ ಪತ್ರ ಯಾವಾಗ, ಎಲ್ಲ ಬರಹದಲ್ಲಿ ಇರಲಿ, ಅಧಿಕಾರಿಯ ಮುಂದೆ ಸಹಿ ಆಗಲಿ. ಅಂಥ ಒಪ್ಪಂದದ ಹಣ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬಹುದು.

ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಕಾರ್ಮಿಕ ಸಂಘದವರ ನೆರವು ಕೇಳಿ. ಐಟಿಯವರಿಗೆ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ ಇದೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಇದು ತುಂಬಾ ಜನರಿಗೆ ಗೊತ್ತೇ ಇಲ್ಲ.

ಮ್ಯಾನೇಜರ್ ಆಗಿದ್ದವರಿಗೆ

ನಿಮಗೆ ಒಪ್ಪಂದವೇ ಆಧಾರ, ಸಿವಿಲ್ ಕೋರ್ಟ್ ದಾರಿ. ಕಾಲಮಿತಿ ಮೂರು ವರ್ಷ. ಲಿಖಿತ ಒಪ್ಪಂದದಲ್ಲಿ ಮೊತ್ತ ನಿಖರವಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 37ರ ಅಡಿ ಸಂಕ್ಷಿಪ್ತ ದಾವೆ ಹಾಕಲು ಆಗುತ್ತದಾ ಎಂದು ವಕೀಲರನ್ನು ಕೇಳಿ. ಅದರಲ್ಲಿ ಕಂಪನಿ ಪ್ರತಿವಾದ ಮಾಡಲು ಕೋರ್ಟ್‌ನ ಅನುಮತಿ ಪಡೆಯಬೇಕು. ಕೋರ್ಟ್ ಶುಲ್ಕ, ವಕೀಲರ ಫೀಸ್ ಲೆಕ್ಕ ಹಾಕಿ. ಮೊತ್ತ ಚಿಕ್ಕದಾಗಿದ್ದರೆ ಮೊದಲು ವಕೀಲರ ನೋಟಿಸ್, ಆಮೇಲೆ ಲೋಕ ಅದಾಲತ್‌ನಲ್ಲಿ ವ್ಯಾಜ್ಯಪೂರ್ವ ರಾಜಿ (ಕೇಸ್ ಹಾಕುವ ಮೊದಲೇ ಆಗುವ ರಾಜಿ) ಪ್ರಯತ್ನಿಸುವುದು ಜಾಣತನ ಎಂದು ನನಗನ್ನಿಸುತ್ತದೆ.

ಕಂಪನಿಯೇ ಮುಳುಗಿದರೆ

ಸ್ಟಾರ್ಟಪ್‌ಗಳಲ್ಲಿ ಇದು ಜಾಸ್ತಿ. ದಿವಾಳಿ ಸಂಹಿತೆಯಡಿ ನೀವೇ ಪ್ರಕ್ರಿಯೆ ಶುರು ಮಾಡಬೇಕಾದರೆ ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇರಬೇಕು. ಒಬ್ಬ ನೌಕರನಿಗೆ ಅದು ಆಗದ ಮಾತು. ಆದರೆ ಬೇರೆ ಯಾರೋ ಶುರು ಮಾಡಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ಕೊನೆಯ ದಿನದೊಳಗೆ ಫಾರ್ಮ್ ಡಿ ತುಂಬಿ ಕ್ಲೇಮ್ ಕಳಿಸಿ. ಕಂಪನಿಯ ಸ್ಥಿತಿ ಏನಿದೆ ಎಂದು ಸಚಿವಾಲಯದ ವೆಬ್‌ಸೈಟ್‌ನಲ್ಲಿ ತಿಂಗಳಿಗೊಮ್ಮೆ ನೋಡುತ್ತಿರಿ.

ಹಣ ಬಂದ ಮೇಲೆ

ನೋಟಿಸ್ ಪೇಗೆ ಸಂಬಳದಂತೆಯೇ ಆದಾಯ ತೆರಿಗೆ ಬೀಳುತ್ತದೆ. ಹಾಗಾಗಿ ಕೇಳಿದ್ದಕ್ಕಿಂತ ಕಡಿಮೆ ಬಂದರೆ ಮೊದಲು ಟಿಡಿಎಸ್ ಎಷ್ಟು ಎಂದು ಕೇಳಿ. ಮುರಿದುಕೊಂಡ ತೆರಿಗೆ 26ಎಎಸ್‌ನಲ್ಲಿ ಕಾಣಿಸುವವರೆಗೆ ಬಿಡಬೇಡಿ. ಪಿಎಫ್‌ನಲ್ಲಿ ಕಂಪನಿ ನಿಮ್ಮ ಬಿಟ್ಟ ದಿನಾಂಕ ಹಾಕದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ಪಿಎಫ್ ಪೋರ್ಟಲ್‌ನಲ್ಲಿ ನೀವೇ ಹಾಕಿಕೊಳ್ಳಬಹುದು. ಅದಕ್ಕಾಗಿ ಯಾವ ಎಚ್‌ಆರ್ ಮುಂದೆಯೂ ಕಾಯಬೇಕಿಲ್ಲ.